ಉಪೇಕ್ಷೆ ಎಂದರೆ ಅಲಕ್ಷ್ಯವಲ್ಲ



ಮನೆಯಲ್ಲಿ ಕನ್ನಡ, ರಸ್ತೆಯಲ್ಲಿ ಇನ್ನೊಂದು ಭಾಷೆ, ಆಫೀಸಿನಲ್ಲಿ ಇಂಗ್ಲಿಷ್. ಹೀಗೆ ಬೆಳೆದ ನಿಮಗೆ ಒಂದೇ ಶಬ್ದ ಭಾಷೆಯಿಂದ ಭಾಷೆಗೆ ಅರ್ಥ ಬದಲಿಸುವುದು ಹೊಸದೇನಲ್ಲ. ಈ ಸಲ ಅಂಥ ಮೂರು ಶಬ್ದಗಳನ್ನು ನೋಡೋಣ: ವೇದನೆ, ಸಂಸ್ಕಾರ, ಉಪೇಕ್ಷೆ. ನಮ್ಮ ಮನೆಮಾತಿನಲ್ಲಿ ವೇದನೆ ಎಂದರೆ ನೋವು, ಸಂಸ್ಕಾರ ಎಂದರೆ ಹಿರಿಯರು ಕಲಿಸಿದ ಒಳ್ಳೆಯ ನಡತೆ, ಉಪೇಕ್ಷೆ ಎಂದರೆ ಅಲಕ್ಷ್ಯ. ಬುದ್ಧನ ಧ್ಯಾನಮಾರ್ಗದಲ್ಲಿ ಮೂರಕ್ಕೂ ಬೇರೆ ಅರ್ಥಗಳಿವೆ. ಒತ್ತಡದಲ್ಲಿ ದಿನ ತಳ್ಳುವವರಿಗೆ ಆ ಅರ್ಥಗಳು ತುಂಬ ಉಪಯೋಗಕ್ಕೆ ಬರುತ್ತವೆ.

ಪಾಲಿ ಭಾಷೆಯಲ್ಲಿ ವೇದನೆ ಎಂದರೆ ಕೇವಲ ನೋವಲ್ಲ. ಹಿತ, ಅಹಿತ, ಎರಡೂ ಅಲ್ಲದ್ದು, ಹೀಗೆ ಅನುಭವಕ್ಕೆ ಬರುವುದೆಲ್ಲ ವೇದನೆಯೇ. ರಾತ್ರಿ ಹತ್ತು ಗಂಟೆಗೆ ಮೇಲಧಿಕಾರಿಯ ಮೆಸೇಜು ಬಂತೆನ್ನಿ. ಓದಿದೊಡನೆ ಹೊಟ್ಟೆ ಹಿಂಡಿದಂತಾಗುತ್ತದೆ, ಕಿವಿ ಬಿಸಿಯಾಗುತ್ತದೆ, ಉಸಿರು ಬಿಗಿಯುತ್ತದೆ. ಸಿಟ್ಟು ಬಂದದ್ದು ಮೆಸೇಜಿನಿಂದ ಎಂದು ನಾವು ತಿಳಿಯುತ್ತೇವೆ. ಆದರೆ ಮನಸ್ಸು ತಿರುಗಿ ಬೀಳುವುದು ಮೈಯೊಳಗಿನ ಆ ಸಂವೇದನೆಯ ಮೇಲೆ ಎನ್ನುತ್ತದೆ ವಿಪಶ್ಯನ ಧ್ಯಾನ. ವೇದನೆಯ ಬೆನ್ನಿಗೇ 'ಇದು ಬೇಕು', 'ಇದು ಬೇಡ' ಎಂಬ ಹಟ ಹುಟ್ಟುತ್ತದೆ.

ಸಾವಿರ ಸಲ ಹೀಗೇ ಆದಾಗ ಮನಸ್ಸಿನಲ್ಲಿ ಒಂದು ಜಾಡು ಬೀಳುತ್ತದೆ. ಹಳ್ಳಿಯ ಮಣ್ಣುದಾರಿಯಲ್ಲಿ ಎತ್ತಿನಗಾಡಿಯ ಚಕ್ರ ಓಡಿ ಓಡಿ ಬೀಳುವ ಜಾಡಿನಂತೆ. ಇದೇ ಬೌದ್ಧರು ಹೇಳುವ ಸಂಸ್ಕಾರ. ಮೇಲಧಿಕಾರಿಯ ಮೇಲಿನ ಸಿಟ್ಟಿನಲ್ಲಿರುವಾಗ ಅಮ್ಮ ಬಂದು "ಊಟ ಮಾಡ್ತೀಯೇನಪ್ಪಾ?" ಎಂದರೆ ಸಾಕು, ಅವರ ಮೇಲೆ ಸಿಡುಕುತ್ತೇವೆ. ಗಾಡಿ ಹಳೆಯ ಜಾಡಿಗೇ ಇಳಿದಿರುತ್ತದೆ. ಹತ್ತು ವರ್ಷ ಇದೇ ನಡೆದರೆ ಮನೆಯವರು ನಮ್ಮ ಕೋಣೆಯ ಬಾಗಿಲು ತಟ್ಟುವುದಕ್ಕೇ ಹೆದರುತ್ತಾರೆ.

ಹಾಗಾದರೆ ಸಿಟ್ಟನ್ನು ನುಂಗಿಕೊಳ್ಳಬೇಕೆ? ಬೇಡ. ಇಲ್ಲೇ ಮೂರನೆಯ ಶಬ್ದ ಬರುತ್ತದೆ. ಉಪೇಕ್ಷೆಯ ಒಳಗಿರುವ 'ಈಕ್ಷ' ಎಂಬ ಧಾತುವಿಗೆ 'ನೋಡು' ಎಂದರ್ಥ. ಬುದ್ಧನ ಉಪೇಕ್ಷೆಯೆಂದರೆ ಸಮಚಿತ್ತದಿಂದ ನೋಡುವುದು. ಕಿವಿ ಬಿಸಿಯಾಗಿದೆ, ಸರಿ. ಎಷ್ಟು ಹೊತ್ತು ಇರುತ್ತದೆ, ನೋಡೋಣ. ಅದನ್ನು ತಳ್ಳಬೇಕಾಗಿಲ್ಲ, ಬೆಳೆಸಬೇಕಾಗಿಯೂ ಇಲ್ಲ. ಹುಟ್ಟಿದ ಸಂವೇದನೆ ಅಳಿಯುತ್ತದೆ. ಅದು ಅಳಿಯುವವರೆಗೆ ಕಾಯಲು ಕಲಿತರೆ ಜಾಡು ಸ್ವಲ್ಪ ಸ್ವಲ್ಪವಾಗಿ ಮಾಸುತ್ತದೆ.

ಈ ವಿದ್ಯೆಯನ್ನು ನಮ್ಮ ಕಾಲದಲ್ಲಿ ಭಾರತಕ್ಕೆ ಮರಳಿ ತಂದವರಲ್ಲಿ ಪ್ರಮುಖರು ಸತ್ಯನಾರಾಯಣ ಗೋಯೆಂಕಾ (1924–2013). ಅವರೂ ನಿಮ್ಮಂತೆ ಪರವೂರಿನಲ್ಲಿ ಬೆಳೆದವರು. ಹುಟ್ಟಿದ್ದು ಬರ್ಮಾದ ಮಾಂಡಲೆಯಲ್ಲಿ, ಮನೆಮಾತು ಮಾರವಾಡಿ. ವ್ಯಾಪಾರದಲ್ಲಿ ಹಣ ಬಂತು, ಜೊತೆಗೆ ವಿಪರೀತ ತಲೆನೋವೂ ಬಂತು. ಪರದೇಶದ ವೈದ್ಯರನ್ನು ಕಂಡರೂ ಗುಣವಾಗಲಿಲ್ಲ. ಕೊನೆಗೆ ಬರ್ಮಾ ಸರಕಾರದ ಅಕೌಂಟೆಂಟ್ ಜನರಲ್ ಆಗಿದ್ದ ಸಯಾಜಿ ಊ ಬಾ ಖಿನ್ ಅವರಲ್ಲಿಗೆ ಹೋದರು. ತಲೆನೋವಿನ ಮದ್ದಿಗಾಗಿ ಬಂದಿದ್ದರೆ ಕಲಿಸುವುದಿಲ್ಲ ಎಂದರು ಗುರುಗಳು. ಮನಸ್ಸನ್ನು ಶುದ್ಧಗೊಳಿಸುವುದು ಗುರಿಯಾಗಬೇಕು, ಉಳಿದದ್ದು ಅದರ ಹಿಂದೆ ಬರುತ್ತದೆ ಎಂಬುದು ಅವರ ನಿಲುವು. ಗೋಯೆಂಕಾ ಕಲಿತರು. 1969ರಲ್ಲಿ ಮುಂಬಯಿಯಲ್ಲಿ ಮೊದಲ ಶಿಬಿರ ನಡೆಸಿದರು. ಬಳಿಕ ನಾಸಿಕ ಜಿಲ್ಲೆಯ ಇಗತ್‌ಪುರಿಯಲ್ಲಿ ಧಮ್ಮಗಿರಿ ಕೇಂದ್ರ ಎದ್ದಿತು. ಇಂದು ಪುಣೆ, ಹೈದರಾಬಾದ್, ಚೆನ್ನೈ, ಬೆಂಗಳೂರುಗಳಲ್ಲೂ ಕೇಂದ್ರಗಳಿವೆ. 1994ರಲ್ಲಿ ಕಿರಣ್ ಬೇಡಿಯವರು ತಿಹಾರ್ ಜೈಲಿನ ಹೊಣೆ ಹೊತ್ತಿದ್ದಾಗ ಅಲ್ಲಿ ಸಾವಿರದಷ್ಟು ಕೈದಿಗಳು ಒಟ್ಟಿಗೆ ಈ ಶಿಬಿರದಲ್ಲಿ ಕುಳಿತರು.

ಶಿಬಿರ 10 ದಿನದ್ದು. ಬೆಳಗಿನ 4 ಗಂಟೆಗೆ ಎಚ್ಚರದ ಗಂಟೆ. ಮಾತಿಲ್ಲ, ಫೋನಿಲ್ಲ, ಓದು ಬರಹವಿಲ್ಲ. ಮೊದಲ ಮೂರು ದಿನ ಬರೀ ಉಸಿರನ್ನು ಗಮನಿಸುವುದು, ನಾಲ್ಕನೆಯ ದಿನದಿಂದ ಇಡೀ ಮೈಯ ಸಂವೇದನೆಗಳನ್ನು ನೋಡುವುದು. ಶುಲ್ಕವಿಲ್ಲ. ಮುಗಿಸಿದವರು ಮುಂದಿನವರಿಗಾಗಿ ಇಷ್ಟ ಬಂದಷ್ಟು ದಾನ ಕೊಡಬಹುದು. ಕಷ್ಟವೇ? ಹೌದು, ಮಂಡಿ, ಬೆನ್ನು ಎಲ್ಲ ದೂರು ಹೇಳುತ್ತವೆ.

ಹತ್ತು ದಿನದ ರಜೆ ಸಿಗದವರು ಮನೆಯಲ್ಲಿ ಹತ್ತು ನಿಮಿಷದಿಂದ ಶುರು ಮಾಡಿ. ಬೆನ್ನು ನೆಟ್ಟಗೆ ಮಾಡಿ ಕುಳಿತು, ಕಣ್ಣು ಮುಚ್ಚಿ, ಮೂಗಿನ ಹೊಳ್ಳೆಗಳಲ್ಲಿ ಬಂದು ಹೋಗುವ ಸಹಜ ಉಸಿರನ್ನು ಗಮನಿಸಿ. ಮನಸ್ಸು ಓಡಿಹೋಗುತ್ತದೆ. ಬೈಯದೆ ಕರೆತನ್ನಿ. ಓಡಿದ್ದನ್ನು ಗಮನಿಸಿ ಮರಳಿ ತರುವುದೇ ಅಭ್ಯಾಸ.

ಒಂದು ಎಚ್ಚರಿಕೆ. ಧ್ಯಾನ ವೈದ್ಯರಿಗೆ ಬದಲಿಯಲ್ಲ. ವಾರಗಟ್ಟಲೆ ನಿದ್ದೆಯಿಲ್ಲದಿದ್ದರೆ, ಬದುಕೇ ಬೇಡವೆನಿಸಿದರೆ, ಈಗಾಗಲೇ ಮಾನಸಿಕ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿದ್ದರೆ ಮೊದಲು ವೈದ್ಯರನ್ನು ಕಾಣಿ, ಶಿಬಿರದ ಮಾತು ಆಮೇಲೆ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಮಾತಾಡಬಹುದು. ಇದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ಇನ್ನು ಮುಂದೆ ಮೆಸೇಜು ನೋಡಿ ಕಿವಿ ಬಿಸಿಯಾದಾಗ ನಾಲ್ಕು ಉಸಿರು ಕಾಯಿರಿ. ಆಮೇಲೆ ಅಮ್ಮನಿಗೆ ಉತ್ತರ ಕೊಡಿ. ಮೇಲಧಿಕಾರಿ ಇನ್ನೂ ಸ್ವಲ್ಪ ಕಾಯಲಿ, ಅಡ್ಡಿಯಿಲ್ಲ.