ಹಾಜರಿ ಪುಸ್ತಕ ಹೇಳಿದ್ದನ್ನು ಕಾಲೇಜು ಕೇಳಿಸಿಕೊಳ್ಳಲಿ

ನಿಜಕ್ಕೂ ಭ್ರಮೆಗೂ ನಡುವಿನ ಗೆರೆ ಅಳಿಸುವ ಸೈಕೋಸಿಸ್‌ನತ್ತ ಜಾರುತ್ತಿರುವ ವಿದ್ಯಾರ್ಥಿಯ ಸುಳಿವು ವೈದ್ಯರಿಗಿಂತ, ಎಷ್ಟೋ ಸಲ ಹೆತ್ತವರಿಗಿಂತಲೂ ಮೊದಲು ಕಾಲೇಜಿಗೆ ಸಿಗುತ್ತದೆ. ಹಾಜರಿ ಪುಸ್ತಕದಲ್ಲೇ ಅದು ದಾಖಲಾಗಿರುತ್ತದೆ. ಆದರೆ ಆ ಪುಸ್ತಕವನ್ನು ನಮ್ಮ ಕಾಲೇಜುಗಳು ತೆರೆಯುವುದು ಶೇ 75 ತುಂಬದವನನ್ನು ಪರೀಕ್ಷೆಯಿಂದ ಹೊರಗಿಡುವುದಕ್ಕೆ ಮಾತ್ರ. ಇದನ್ನು ಅಜ್ಞಾನವೆಂದು ಮನ್ನಿಸಲಾಗದು. ಇದು ಕರ್ತವ್ಯಲೋಪ.

ಹತ್ತರಗಿ, ಯಮಕನಮರಡಿ ಕಡೆಯಿಂದ ಬೆಳಗಿನ ಬಸ್ ಹಿಡಿದು ಸಂಕೇಶ್ವರಕ್ಕೋ ಹುಕ್ಕೇರಿಗೋ ಗೋಕಾಕಕ್ಕೋ ಓದಲು ಹೋಗುವ ಹುಡುಗನೊಬ್ಬ ಹೀಗೆ ಜಾರತೊಡಗಿದರೆ ಕಾಣುವುದೇನು? ಮುಂದಿನ ಬೆಂಚಿನವನು ಹಿಂದಿನ ಬೆಂಚಿಗೆ ಸರಿಯುತ್ತಾನೆ. ರಾತ್ರಿ ನಿದ್ದೆಯಿಲ್ಲ. ಗೆಳೆಯರು ನಕ್ಕರೆ ತನ್ನನ್ನೇ ಕುರಿತು ನಕ್ಕರೆಂದು ಬಗೆಯುತ್ತಾನೆ. ಮೊಬೈಲಿನ ಕ್ಯಾಮೆರಾಕ್ಕೆ ಪಟ್ಟಿ ಅಂಟಿಸುತ್ತಾನೆ. ಅವ್ವ ಕಟ್ಟಿಕೊಟ್ಟ ರೊಟ್ಟಿಯನ್ನು ಮೂಸಿ ನೋಡಿ ಹಾಗೇ ವಾಪಸ್ ತರುತ್ತಾನೆ. ಯಾರೋ ತನ್ನ ಹೆಸರು ಕರೆದಂತೆ ಒಮ್ಮೊಮ್ಮೆ ಕೇಳಿಸುತ್ತದೆ. ಅದು ನಿಜವೋ ಭ್ರಮೆಯೋ ಎಂಬ ಅನುಮಾನ ಅವನಿಗೇ ಇನ್ನೂ ಉಳಿದಿರುತ್ತದೆ. ಆ ಅನುಮಾನ ಉಳಿದಿರುವಾಗಲೇ ಅವನನ್ನು ಮಾತನಾಡಿಸಬೇಕು.

ಆದರೆ ನಡೆಯುವುದೇ ಬೇರೆ. ಕಾಲೇಜು 'ಶಾರ್ಟೇಜ್' ಎನ್ನುತ್ತದೆ. ಮನೆಯಲ್ಲಿ 'ಗಾಳಿ ಸೋಕೇತಿ' ಎನ್ನುತ್ತಾರೆ. ತಾಯತ, ನಿಂಬೆಹಣ್ಣು ಎಲ್ಲ ಮುಗಿದ ಮೇಲೆ ಹಿರಿಯರೊಬ್ಬರು 'ಒಂದ್ ಲಗ್ನಾ ಮಾಡ್ರಿ, ಸರಿ ಹೋಗ್ತಾನ' ಎಂದು ತೀರ್ಪು ಕೊಡುತ್ತಾರೆ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆಯನ್ನು ನಗೆಚಾಟಿಕೆಗೆ ಹೇಳುವ ನಾವೇ ಅದರಂತೆ ನಡೆದುಕೊಳ್ಳುತ್ತೇವೆ. ಹುಡುಗಿಯಾದರಂತೂ ಸುದ್ದಿ ಹೊರಬೀಳುವ ಮೊದಲೇ ಕಾಲೇಜು ಬಿಡಿಸಿ ಕೂರಿಸುತ್ತಾರೆ. ಹೀಗೆ ಕಳೆಯುವ ತಿಂಗಳುಗಳಿಗೆ ಬೆಲೆ ತೆರಬೇಕಾಗುತ್ತದೆ. ಚಿಕಿತ್ಸೆಯಿಲ್ಲದ ಅವಧಿ ಉದ್ದವಾದಷ್ಟೂ ಚೇತರಿಕೆ ಕಷ್ಟವೆಂಬುದು ಹಲವು ದೇಶಗಳ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಮಾನಸಿಕ ಕಾಯಿಲೆಯುಳ್ಳವರಲ್ಲಿ, ಕಾಯಿಲೆಗೆ ತಕ್ಕಂತೆ, ಶೇ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಒಂದು ಎಚ್ಚರಿಕೆ ಅಗತ್ಯ. ಇಂಥ ಲಕ್ಷಣ ಕಂಡವರೆಲ್ಲ ರೋಗಿಗಳಾಗುವುದಿಲ್ಲ. ತಜ್ಞರು ಅಪಾಯದ ಅಂಚಿನಲ್ಲಿದ್ದಾರೆಂದು ಗುರುತಿಸಿದವರಲ್ಲೂ ಎರಡು-ಮೂರು ವರ್ಷಗಳಲ್ಲಿ ಪೂರ್ಣ ಸೈಕೋಸಿಸ್‌ಗೆ ತಿರುಗುವವರು ಸುಮಾರು ನಾಲ್ವರಲ್ಲಿ ಒಬ್ಬರು. ಹಾಗಾಗಿ ಉಪನ್ಯಾಸಕರು ಹಣೆಪಟ್ಟಿ ಹಚ್ಚಬೇಕಿಲ್ಲ, ಗುಳಿಗೆಯ ಹೆಸರು ಹೇಳಬೇಕಿಲ್ಲ. ನಿದ್ದೆ, ಗಾಂಜಾ, ಪರೀಕ್ಷೆಯ ಭಯ, ಮನೆಯ ಜಗಳ ಇವುಗಳ ಬಗ್ಗೆ ಗುಟ್ಟು ಕಾಯ್ದುಕೊಂಡು ಮಾತಾಡಬಲ್ಲ ಒಬ್ಬರು ಕಾಲೇಜಿನಲ್ಲಿದ್ದು, ಬೇಕಾದರೆ ಮನೋವೈದ್ಯರ ಬಳಿ ಕಳಿಸಿದರೆ ಸಾಕು.

ಅಂಥ ಒಬ್ಬರು ಇರಲೇಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ಹೇಳಿದೆ. ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ ಹುಡುಗಿಯ ಸಾವಿನ ಪ್ರಕರಣದಲ್ಲಿ ಬಂದ ತೀರ್ಪದು. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಅರ್ಹ ಆಪ್ತಸಮಾಲೋಚಕರು ಇರಬೇಕು, ಬೋಧಕ-ಬೋಧಕೇತರ ಸಿಬ್ಬಂದಿಗೆಲ್ಲ ವರ್ಷಕ್ಕೆ ಎರಡು ಸಲವಾದರೂ ತರಬೇತಿ ಕೊಡಿಸಬೇಕು. ಕಾಲೇಜಿಗೆ ದರ್ಜೆ ಕೊಡುವ ನ್ಯಾಕ್ ತಂಡ ಬರುವ ದಿನಕ್ಕೆಂದು ಫೈಲಿನಲ್ಲಿ ಯಾರದೋ ಹೆಸರು ಬರೆದಿಟ್ಟರೆ ಆದೇಶ ಪಾಲಿಸಿದಂತಾಗದು.

ಸರ್ಕಾರವೂ ಕೈ ತೊಳೆದುಕೊಳ್ಳುವಂತಿಲ್ಲ. ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾದರಿ ಕೊಟ್ಟದ್ದು ನಮ್ಮದೇ ಬಳ್ಳಾರಿ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್ 2005ರಿಂದ ಸೈಕೋಸಿಸ್ ಗುಂಪಿನದೇ ಕಾಯಿಲೆಯಾದ ಸ್ಕಿಜೋಫ್ರೇನಿಯಾ ಇರುವವರನ್ನು ಊರೂರಲ್ಲಿ ಗುರುತಿಸಿ, ಇದ್ದಲ್ಲೇ ಚಿಕಿತ್ಸೆ ಕೊಟ್ಟು ತೋರಿಸಿದೆ. ತೀರ್ಥಹಳ್ಳಿಯಲ್ಲಿ ಆದದ್ದು ಹುಕ್ಕೇರಿ, ಮೂಡಲಗಿಯಲ್ಲಿ ಏಕಾಗದು? 2011ರ ಜನಗಣತಿಯಲ್ಲೇ 47 ಲಕ್ಷ ದಾಟಿದ್ದ ಬೆಳಗಾವಿಗೂ ಸಣ್ಣ ಜಿಲ್ಲೆಗೂ ಮಾನಸಿಕ ಆರೋಗ್ಯ ಕಾರ್ಯಕ್ರಮದ್ದು ಜಿಲ್ಲೆಗೊಂದೇ ತಂಡವೆಂಬ ಲೆಕ್ಕ ನ್ಯಾಯವಲ್ಲ. ಇಂಗ್ಲೆಂಡಿನಲ್ಲಿ 2016ರಿಂದ, ಮೊದಲ ಸಲ ಸೈಕೋಸಿಸ್ ಕಂಡವರಲ್ಲಿ ಅರ್ಧದಷ್ಟು ಮಂದಿಗಾದರೂ ಎರಡು ವಾರದೊಳಗೆ ಚಿಕಿತ್ಸೆ ಶುರುವಾಗಬೇಕೆಂಬ ಗುರಿಯಿಟ್ಟರು. ನಮ್ಮಲ್ಲಿ ದಿನ ಎಣಿಸುವವರೇ ಇಲ್ಲ.

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಪ್ರತಿ ಕಾಲೇಜು ತನ್ನ ಸಮಾಲೋಚಕರ ಹೆಸರು, ಕೋಣೆ, ಸಿಗುವ ವೇಳೆಯನ್ನು ನೋಟಿಸ್ ಬೋರ್ಡಿಗೆ ಹಾಕಲಿ. ಹಾಕಲಾಗದವರು ಇಲ್ಲವೆಂದು ಒಪ್ಪಿಕೊಳ್ಳಲಿ. ಕಾಲೇಜು ಶಿಕ್ಷಣ ಇಲಾಖೆ ಅಂಥವರ ಪಟ್ಟಿ ಪ್ರಕಟಿಸಲಿ. ಹಾಜರಿ ಕೊರತೆಯ ನೋಟಿಸ್ ಕಳಿಸುವ ಮೊದಲು ಆ ವಿದ್ಯಾರ್ಥಿಯನ್ನು ಎದುರಿಗೆ ಕೂರಿಸಿ ಮಾತನಾಡಿಸುವುದು ಕಡ್ಡಾಯವಾಗಲಿ. ಆ ನೋಟಿಸಿನ ಕೆಳಗೆ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆಯನ್ನೂ ಅಚ್ಚು ಹಾಕಿಸಲಿ: 14416. ದಿನದ 24 ತಾಸು ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.