ಮನೆಯ ಸಾಮಾನಿನ ಜೀರ್ಣೋದ್ಧಾರ

ಜೀರ್ಣೋದ್ಧಾರವೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಕಣ್ಣ ಮುಂದೆ ಹಳೆಯ ದೇವಾಲಯವೋ, ಹೂಳು ತುಂಬಿದ ಕೆರೆಯೋ, ಗೋಡೆ ಬಿರಿದ ಛತ್ರವೋ ಬಂದು ನಿಲ್ಲುತ್ತದೆ. ಹೊಸದನ್ನು ಕಟ್ಟಿಸುವುದಕ್ಕಿಂತ ಹಾಳಾಗುತ್ತಿರುವುದನ್ನು ಉಳಿಸುವುದು ಹೆಚ್ಚಿನ ಪುಣ್ಯವೆಂಬ ಭಾವನೆ ನಮ್ಮ ಹಿರಿಯರಲ್ಲಿ ಬೇರೂರಿತ್ತು. ಆದರೆ ಇದೇ ಮಾತನ್ನು ಕಾಲು ಸಡಿಲಿದ ಕುರ್ಚಿಗೋ, ಬಣ್ಣಗೆಟ್ಟ ಮೇಜಿಗೋ ಅನ್ವಯಿಸಿದರೆ ಕೇಳಿದವರು ನಕ್ಕಾರು. ಆ ನಗೆ ಉಚಿತವಲ್ಲವೆಂದೂ, ಮನೆಯ ಸಾಮಾನಿಗೂ ಜೀರ್ಣೋದ್ಧಾರವುಂಟೆಂದೂ, ಅದನ್ನು ನಮ್ಮ ಮಕ್ಕಳು ಕಲಿಯಬೇಕೆಂದೂ ಹೇಳುವುದೇ ಈ ಲೇಖನದ ಉದ್ದೇಶ.

ಮುಂಬಯಿಯಂಥ ನಗರದಲ್ಲಿ ಒಂದು ಸಂಸಾರ ತಲೆಯ ಮೇಲೊಂದು ಸೂರು ಮಾಡಿಕೊಂಡೊಡನೆ ಅದರ ಎರಡನೆಯ ಚಿಂತೆ ಮೇಜು, ಕುರ್ಚಿ, ಮಂಚಗಳದು. ಬಂದವರೆದುರಿಗೆ ಮನೆ ಚೆನ್ನಾಗಿ ಕಾಣಬೇಕೆಂಬ ಆಸೆ ಸಹಜವಾದುದೇ. ಆ ಆಸೆಗೆ ಅಂಗಡಿಯವನ ಉತ್ತರ ಸಿದ್ಧವಾಗಿರುತ್ತದೆ: ಮಾಸಿಕ ಕಂತು. ಕಂತಿನ ಮೇಲೆ ಮನೆಗೆ ಬರುವ ಅಗ್ಗದ ಸಾಮಾನಿನಲ್ಲಿ ಬಹುಪಾಲು ನಿಜವಾದ ಹಲಗೆಯಲ್ಲ. ಮರದ ಹುಡಿಯನ್ನೂ ಚೂರುಗಳನ್ನೂ ರಾಸಾಯನಿಕ ಅಂಟಿನಿಂದ ಒತ್ತಿ ಮಾಡಿದ ಫಲಕ. ಅದರ ಮೇಲೆ ಮರದ ಗೆರೆಗಳನ್ನು ಅಚ್ಚೊತ್ತಿದ ತೆಳು ಹಾಳೆ. ಎರಡು ಮಳೆಗಾಲದ ತೇವ ತಾಕಿದರೆ ಅದರ ಅಂಚು ಉಬ್ಬುತ್ತದೆ, ತಿರುಪುಮೊಳೆಯ ಹಿಡಿತ ಹೋಗುತ್ತದೆ. ಒಮ್ಮೆ ಉಬ್ಬಿದ್ದನ್ನು ಯಾವ ಬಡಗಿಯೂ ಸರಿಪಡಿಸಲಾರ. ಕಂತು ತೀರುವ ಮೊದಲೇ ಕಪಾಟು ತೀರಿಹೋದ ಮನೆಗಳನ್ನು ನಾನು ಕಂಡಿದ್ದೇನೆ.

ಇತ್ತ ಇದೇ ನಗರದಲ್ಲಿ ಗಟ್ಟಿ ಸಾಗುವಾನಿಯ ಸಾಮಾನು ಬೀದಿಗೆ ಬೀಳುತ್ತಿದೆ. ಹಳೆಯ ಚಾಳುಗಳನ್ನು ಕೆಡವಿ ಗೋಪುರಗಳನ್ನು ಎಬ್ಬಿಸುವಾಗ ಅಜ್ಜನ ಕಾಲದ ಮಂಚ, ಒರಗುಕುರ್ಚಿ, ಕನ್ನಡಿಯ ಮೇಜುಗಳಿಗೆ ಹೊಸ ಮನೆಯಲ್ಲಿ ಸ್ಥಳ ದೊರೆಯುವುದಿಲ್ಲ. ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ, ಜೋಗೇಶ್ವರಿಯ ಓಶಿವರಾ ಪೇಟೆಯಲ್ಲಿ ಅವು ರಾಶಿ ಬೀಳುತ್ತವೆ. ಮುಚ್ಚಿಹೋದ ಇರಾನಿ ಹೋಟೆಲುಗಳ ಬಾಗುಮರದ ಕುರ್ಚಿಗಳೂ ಅಲ್ಲಿ ಕಾಣಸಿಗುತ್ತವೆ. ಆ ಕುರ್ಚಿಗಳ ಮೂಲಪುರುಷ 1859ರಲ್ಲಿ ಆಸ್ಟ್ರಿಯಾದ ಥೋನೆಟ್ ಕಾರ್ಖಾನೆ ಹೊರತಂದ 14ನೆಯ ನಂಬರಿನ ಕುರ್ಚಿ. ಆವಿಯಲ್ಲಿ ಬಾಗಿಸಿದ ಬೀಚ್ ಮರದ 6 ಭಾಗಗಳು, 10 ತಿರುಪುಮೊಳೆಗಳು, 2 ನಟ್ಟುಗಳು. ಇಷ್ಟೇ ಅದರ ಶರೀರ. ಒಂದು ಭಾಗ ಮುರಿದರೆ ಅದೊಂದನ್ನೇ ಬಿಚ್ಚಿ ಬೇರೆ ಜೋಡಿಸಬಹುದು. ದುರಸ್ತಿಯಾಗಬೇಕೆಂದೇ ಹುಟ್ಟಿದ ವಸ್ತುವಿಗೂ ಎಸೆಯಬೇಕೆಂದೇ ಹುಟ್ಟಿದ ವಸ್ತುವಿಗೂ ಇರುವ ಅಂತರವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವುದು ಕಷ್ಟ.

ಸಾಗುವಾನಿಯ ಮರವು ಒಳ್ಳೆಯ ನಾಟಾ ಕೊಡಬೇಕಾದರೆ 50-60 ವರ್ಷಗಳಾದರೂ ಬೆಳೆಯಬೇಕು. ಹಳಿಯಾಳ, ದಾಂಡೇಲಿಯ ಕಾಡುಗಳನ್ನು ನೋಡಿದ ಕನ್ನಡಿಗನಿಗೆ ಆ ಕಾಲದ ಬೆಲೆ ತಿಳಿದೀತು. ಮರದಲ್ಲೇ ಇರುವ ಎಣ್ಣೆಯ ಅಂಶ ಗೆದ್ದಲನ್ನು ದೂರವಿಡುವುದರಿಂದ ಅದರ ಮೇಜು ಮೂರು ತಲೆಮಾರು ಬಾಳುತ್ತದೆ. ಅಂಥದನ್ನು ಮೇಲಿನ ಹೊಳಪು ಮಾಸಿತೆಂಬ ಒಂದೇ ಕಾರಣಕ್ಕೆ ಗುಜರಿಗೆ ಹಾಕುವುದು, ಅಂಗಿ ಕೊಳೆಯಾಯಿತೆಂದು ಒಗೆಯದೆ ಬಿಸುಟಂತೆಯೇ ಸರಿ.

“ಯಾರೋ ಬಳಸಿ ಬಿಟ್ಟ ಸಾಮಾನು ನಮಗೇಕೆ?” ಎಂದು ಕೇಳುವವರುಂಟು. ಈ ಪ್ರಶ್ನೆಯ ಹಿಂದೆ ಸ್ವಲ್ಪ ಶಂಕೆಯೂ ಹೆಚ್ಚು ನಾಚಿಕೆಯೂ ಇವೆ. ನಾವು ಬಾಡಿಗೆಗಿರುವ ಖೋಲಿಯಲ್ಲಿ ನಮಗಿಂತ ಮೊದಲು ಎಷ್ಟು ಸಂಸಾರಗಳು ಅತ್ತು ನಕ್ಕು ಹೋಗಿಲ್ಲ? ನಮ್ಮ ಮಕ್ಕಳು ಹಿರಿಯ ತರಗತಿಯವರಿಂದ ಪಡೆದ ಪುಸ್ತಕಗಳಲ್ಲಿ ಓದಿ ಉತ್ತೀರ್ಣರಾಗಿಲ್ಲವೇ? ಬಳಸಿದ ವಸ್ತುವಿನಲ್ಲಿ ಕೊಳೆ ಇರಬಹುದು, ಹೀನತೆ ಇಲ್ಲ. ಕೊಳೆ ತೊಳೆದರೆ ಹೋಗುತ್ತದೆ. ನೆರೆಯವರ ಕಣ್ಣಿಗಾಗಿ ಸಾಲ ಮಾಡುವ ಹೀನತೆ ಮಾತ್ರ ತೊಳೆದರೂ ಹೋಗದು.

ಆದರೆ ಹಳೆಯದೆಲ್ಲವೂ ಒಳ್ಳೆಯದಲ್ಲ. ಕೊಳ್ಳುವ ಮೊದಲು ಕುರ್ಚಿಯನ್ನು ತಲೆಕೆಳಗು ಮಾಡಿ ನೋಡಬೇಕು; ಮೇಲ್ಭಾಗ ಅಂಗಡಿಯವನ ಮಾತನ್ನು ಹೇಳುತ್ತದೆ, ಕೆಳಭಾಗ ಸತ್ಯವನ್ನು ಹೇಳುತ್ತದೆ. ಎತ್ತಿದರೆ ತೂಕವಿರಬೇಕು. ಸಂದುಗಳು ಸಡಿಲವಾಗಿದ್ದರೆ ಅಂಜಬೇಕಿಲ್ಲ, ಅಂಟಿನಿಂದ ಬಿಗಿಯಾಗುತ್ತವೆ. ಕಾಲೇ ಸೀಳಿದ್ದರೆ ಬಿಟ್ಟುಬಿಡುವುದು ಲೇಸು. ಸಣ್ಣ ರಂಧ್ರಗಳ ಬಾಯಲ್ಲಿ ಹೊಸ ಹುಡಿ ಕಂಡರೆ ಒಳಗೆ ಹುಳು ಇನ್ನೂ ಜೀವಂತವಾಗಿದೆಯೆಂದು ತಿಳಿಯಬೇಕು. ಮೆತ್ತೆಯ ಹೊಲಿಗೆಯ ಸಂದಿನಲ್ಲಿ ತಿಗಣೆಯ ಕಪ್ಪು ಚುಕ್ಕೆಗಳಿದ್ದರೆ ಆ ಮೆತ್ತೆ ಮನೆಯ ಹೊಸ್ತಿಲು ದಾಟಕೂಡದು.

ಮನೆಗೆ ತಂದ ಮೇಲೆ ಮೊದಲ ಕೆಲಸ ಬಣ್ಣ ಬಳಿಯುವುದಲ್ಲ, ಕೊಳೆ ತೆಗೆಯುವುದು. ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರಸಿದರೆ ಅರ್ಧ ಹೊಸತನ ಅಲ್ಲಿಯೇ ಕಾಣಿಸುತ್ತದೆ. ಬಳಿಕ ಕಾಣದ ಮೂಲೆಯಲ್ಲಿ ಸ್ಪಿರಿಟ್ಟಿನ ಒಂದು ಹನಿ ಮುಟ್ಟಿಸಿ ನೋಡಬೇಕು. ಹಳೆಯ ಲೇಪ ಮೆತ್ತಗಾಗಿ ಬೆರಳಿಗೆ ಅಂಟಿದರೆ ಅದು ಅರಗಿನ ಪಾಲಿಶ್. ಅದು ಬಹುಮಟ್ಟಿಗೆ ಗಟ್ಟಿಯಾಗಿದ್ದರೆ ಪೂರ್ತಿ ಕೆರೆಯಬೇಕಿಲ್ಲ. ಹೊಸ ಅರಗು ಹಳೆಯದರೊಡನೆ ಕರಗಿ ಒಂದಾಗುತ್ತದೆ. ಲೇಪ ತೀರ ಕೆಟ್ಟಿದ್ದರೆ ಮಾತ್ರ ಮರಳುಕಾಗದದಿಂದ, ಮೊದಲು ಒರಟಾದುದು, ಅನಂತರ ನುಣುಪಾದುದು ಎಂಬ ಕ್ರಮದಲ್ಲಿ, ಮರದ ಗೆರೆಗಳು ಹರಿದ ದಿಕ್ಕಿನಲ್ಲಿಯೇ ಉಜ್ಜಬೇಕು. ಅಡ್ಡ ಉಜ್ಜಿದ ಗೀರು ಪಾಲಿಶ್ ಕೊಟ್ಟ ಮೇಲೆ ಎದ್ದು ಕಾಣುತ್ತದೆ.

ಇಲ್ಲಿಯ ಅಂಗಡಿಗಳಲ್ಲಿ ‘ಚಪಡಾ’ ಎಂದು ಮಾರುವ ಅರಗಿನ ಚಕ್ಕೆಗಳನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಹತ್ತಿಯ ಉಂಡೆಗೆ ಮೆತ್ತನೆಯ ಬಟ್ಟೆ ಸುತ್ತಿ, ತೆಳುವಾಗಿ ಹಲವು ಸಲ ಹಚ್ಚುವುದೇ ಪಾಲಿಶ್ ವಿದ್ಯೆ. ಅರಗಿನ ಹುಳು ಮರದ ಟೊಂಗೆಯ ಮೇಲೆ ಕೂಡಿಡುವ ಈ ರಾಳವೇ ನಮ್ಮ ಚನ್ನಪಟ್ಟಣದ ಬೊಂಬೆಗಳಿಗೂ ಹೊಳಪು ನೀಡುತ್ತದೆ. ಗಾಳಿಯಲ್ಲಿ ತೇವವಿದ್ದರೆ ಅರಗು ಬೆಳ್ಳಗೆ ಮಂಕಾಗುವುದರಿಂದ ಮುಂಬಯಿಯಲ್ಲಿ ಈ ಕೆಲಸಕ್ಕೆ ನವೆಂಬರಿನಿಂದ ಫೆಬ್ರುವರಿಯವರೆಗಿನ ಕಾಲವೇ ಯೋಗ್ಯ. ಬಿಸಿ ಲೋಟದ ಗುರುತನ್ನೂ ಅದು ಬೇಗ ಹಿಡಿಯುತ್ತದೆ. ಆದುದರಿಂದ ಊಟದ ಮೇಜಿಗೆ ಬೇರೆ ಲೇಪವೇ ಮೇಲು. ಸ್ಪಿರಿಟ್ಟು ಒಡನೆ ಬೆಂಕಿ ಹಿಡಿಯುವ ದ್ರವ. ಕಿಟಕಿ ತೆರೆದಿರಬೇಕು, ಒಲೆ ಆರಿರಬೇಕು.

ಹಳೆಯ ಬಣ್ಣದ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಅವಶ್ಯ. ಹಿಂದಿನ ಬಣ್ಣಗಳಲ್ಲಿ ಸೀಸವಿರುತ್ತಿತ್ತು. ಕೇಂದ್ರ ಸರಕಾರ 2016ರಲ್ಲಿ ಹೊರಡಿಸಿದ, 2017ರ ನವೆಂಬರಿನಿಂದ ಜಾರಿಗೆ ಬಂದ ನಿಯಮದಂತೆ ಮನೆಬಳಕೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗಗಳನ್ನು ಮೀರಕೂಡದು. ಅದಕ್ಕೂ ಹಳೆಯ ಬಣ್ಣದ ತೊಟ್ಟಿಲನ್ನೋ ಮೇಜನ್ನೋ ಒಣಗಿದ್ದಾಗ ಉಜ್ಜಿ ಧೂಳೆಬ್ಬಿಸಿದರೆ ಆ ವಿಷ ಮಕ್ಕಳ ಶರೀರವನ್ನು ಸೇರುತ್ತದೆ. ಅಂಥದನ್ನು ಒದ್ದೆ ಮಾಡಿಯೇ ಕೆರೆಯಬೇಕು. ಆಗ ಮಕ್ಕಳು ಹತ್ತಿರ ಇರಬಾರದು.

ಇನ್ನು ಮೆತ್ತೆಯ ಮಾತು. ಹಳೆಯ ಗವುಸನ್ನು ಹರಿಯದೆ ಬಿಚ್ಚಿದರೆ ಅದೇ ಹೊಸ ಬಟ್ಟೆಗೆ ಅಳತೆಯಾಗುತ್ತದೆ. ಕೆಳಗಿನ ಪಟ್ಟಿಗಳನ್ನು ಬಿಗಿದು, ಮೇಲೆ ಗೋಣಿತಟ್ಟು, ಅದರ ಮೇಲೆ ತೆಂಗಿನ ನಾರು, ಅದರ ಮೇಲೆ ಹಿಂಜಿದ ಹತ್ತಿ. ಈ ಕ್ರಮದಲ್ಲಿ ಕಟ್ಟಿದ ಕೂರುಮಣೆ ಅಗ್ಗದ ಫೋಮಿಗಿಂತ ಹೆಚ್ಚು ಕಾಲ ಬಾಳುತ್ತದೆ. ಕೂರುವಲ್ಲಿಗೆ ದಪ್ಪ ಹತ್ತಿಯ ಬಟ್ಟೆ ಸಾಕು. ಒರಗುದಿಂಬಿನ ಗವುಸಿಗೆ ಗುಳೇದಗುಡ್ಡದ ಖಣದ ಒಂದು ತುಂಡು ಬಿದ್ದರೆ ಊರಿನ ಬಣ್ಣ ಮನೆಗೆ ಬಂದಂತಾಗುತ್ತದೆ. ಬೆತ್ತದ ಕುರ್ಚಿಯಾದರೆ ಹೆಣೆಯುವವರನ್ನು ಹುಡುಕಬೇಕು. ಅಂಧರ ಶಾಲೆಗಳಲ್ಲಿ ಈ ಕಸುಬನ್ನು ಬಹುಕಾಲದಿಂದ ಕಲಿಸುತ್ತ ಬಂದಿದ್ದಾರೆ. ಏಳು ಹಂತಗಳಲ್ಲಿ ಸಾಗುವ ಆ ಹೆಣಿಗೆಯನ್ನು ಬೆರಳುಗಳೇ ಕಣ್ಣಾಗಿ ಮುಗಿಸುವವರ ಮುಂದೆ ಎರಡು ಕಣ್ಣುಳ್ಳ ನಾವು ವಿನಯ ಕಲಿಯಬೇಕು.

ಇಲ್ಲಿ ಲೆಕ್ಕದ ಮಾತನ್ನು ಮುಚ್ಚಿಡುವುದು ಸರಿಯಲ್ಲ. ಎಲ್ಲವನ್ನೂ ಕೂಲಿ ಕೊಟ್ಟು ಮಾಡಿಸಿದರೆ ಹಳೆಯ ಕುರ್ಚಿಯ ಖರ್ಚು ಕೆಲವೊಮ್ಮೆ ಅಗ್ಗದ ಹೊಸ ಕುರ್ಚಿಯ ಬೆಲೆಯನ್ನು ಮೀರುತ್ತದೆ. ಆದರೂ ನಾನು ಹಳೆಯದರ ಪಕ್ಷವನ್ನೇ ವಹಿಸುತ್ತೇನೆ. ಆ ಹಣ ಬಡಗಿಯ, ಪಾಲಿಶ್‌ನವನ, ಹತ್ತಿ ಹಿಂಜುವ ಪಿಂಜಾರನ ಮನೆಗೆ ಹೋಗುತ್ತದೆ. ಕುರ್ಚಿಯಾದರೋ ನಮ್ಮ ಮಕ್ಕಳ ಕಾಲಕ್ಕೂ ಉಳಿಯುತ್ತದೆ. ದೊಡ್ಡ ಅಂಗಡಿಯಲ್ಲಿ ಬಾಯಿ ಮುಚ್ಚಿ ಹಣ ಎಣಿಸುವ ನಾವು, ಬೀದಿಯಲ್ಲಿ ಕುಳಿತ ಕಸುಬುದಾರನೊಡನೆ ಇಪ್ಪತ್ತು ರೂಪಾಯಿಗೆ ಜಗಳವಾಡುವುದನ್ನು ನಿಲ್ಲಿಸಬೇಕು.

ನನ್ನ ಮುಖ್ಯ ಮಾತು ಶಾಲೆಯನ್ನು ಕುರಿತದ್ದು. ಕನ್ನಡದ ಮಕ್ಕಳ ಸಂಖ್ಯೆ ಇಳಿದು ತರಗತಿಗಳು ಒಂದೊಂದಾಗಿ ಕೂಡಿಕೊಳ್ಳುತ್ತಿರುವ ಈ ಕಾಲದಲ್ಲಿ ಮುಂಬಯಿಯ ಕನ್ನಡ ಶಾಲೆಗಳ ಹಳೆಯ ಬೆಂಚುಗಳು ಕೋಣೆಯ ಮೂಲೆ ಸೇರುತ್ತಿವೆ. ಮುಂದೆ ಅವು ತೂಕದ ಲೆಕ್ಕದಲ್ಲಿ ಗುಜರಿಗೆ ಹೋದಾವು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದವರು ಕುಳಿತದ್ದು ಇಂಥ ಬೆಂಚುಗಳ ಮೇಲೆಯೇ. ಅವನ್ನು ನಮ್ಮ ಮಕ್ಕಳೇ ಏಕೆ ಸರಿಪಡಿಸಬಾರದು? ಕೈಕಸುಬಿನ ಮೂಲಕವೇ ಶಿಕ್ಷಣವೆಂದು 1937ರ ವರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಮಂಡಿಸಿದರು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 6ರಿಂದ 8ನೆಯ ತರಗತಿಯ ಮಕ್ಕಳು 10 ದಿನ ಚೀಲವಿಲ್ಲದೆ ಬಡಗಿ, ಕುಂಬಾರ, ತೋಟಗಾರ ಮೊದಲಾದವರ ಬಳಿ ಕಲಿಯಲೆಂದು ಹೇಳಿದೆ. ಮಾತು ಎರಡು ಸಲ ಆಯಿತು; ಕೃತಿ ಬಾಕಿಯಿದೆ.

ತಿಂಗಳಿಗೆ ಎರಡು ಶನಿವಾರ ಒಬ್ಬ ಬಡಗಿಯನ್ನು ಗುರುವಿನ ಗೌರವದಿಂದ ಶಾಲೆಗೆ ಕರೆಯೋಣ. ಸ್ಪಿರಿಟ್ಟೂ ಉಳಿಯೂ ದೊಡ್ಡವರ ಕೈಯಲ್ಲಿರಲಿ. ತೊಳೆಯುವುದು, ಉಜ್ಜುವುದು, ಅಂಟು ಹಾಕಿ ಬಿಗಿಯುವುದು ಮಕ್ಕಳಿಂದಾಗಲಿ. ತಾನು ಉಜ್ಜಿ ನುಣುಪು ಮಾಡಿದ ಬೆಂಚಿನ ಮೇಲೆ ಯಾವ ವಿದ್ಯಾರ್ಥಿಯೂ ಕೈವಾರದ ಮೊನೆಯಿಂದ ಹೆಸರು ಕೊರೆಯಲಾರ. ಮನೆಯಲ್ಲಿ ಅಪ್ಪ ಹಳೆಯ ಮೇಜು ತಂದರೆ ಅವನು ನಾಚುವುದೂ ಇಲ್ಲ. ಅದನ್ನು ತಲೆಕೆಳಗು ಮಾಡಿ, ಸಂದು ನೋಡಿ, “ಇದು ಗಟ್ಟಿಯಿದೆ” ಎಂದಾನು. ಪಾಲಕರು ಈ ಮಾತನ್ನು ಆಲೋಚಿಸಬೇಕೆಂದೂ, ಬರುವ ವರ್ಷ ಶಾಲೆಯು ಹತ್ತು ಬೆಂಚುಗಳಿಂದಲಾದರೂ ಈ ಕಾರ್ಯಕ್ಕೆ ತೊಡಗಬೇಕೆಂದೂ ನನ್ನ ವಿನಂತಿ.