ಸಹಧರ್ಮಿಣಿ

ಸವಣೂರಿನ ನಾವು ಮಂಗಳೂರಿಗೆ ಹೋದಾಗ ಕೆ.ಎಸ್. ರಾವ್ ರಸ್ತೆಯಲ್ಲಿ ನಡೆಯುತ್ತೇವೆ. ಆ ಹೆಸರು ಸ್ವಾತಂತ್ರ್ಯ ಹೋರಾಟಗಾರ ಕಾರ್ನಾಡು ಸದಾಶಿವರಾಯರದು (1881–1937). ಆದರೆ ಅವರ ಪತ್ನಿ ಶಾಂತಾಬಾಯಿಯವರನ್ನು ಬಲ್ಲವರೆಷ್ಟು ಮಂದಿ? ವಿಧವೆಯರೂ ಬಡ ಸ್ತ್ರೀಯರೂ ಸ್ವಂತ ದುಡಿಮೆಯಿಂದ ಬಾಳಲೆಂದು ರಾಯರು ಮಹಿಳಾ ಸಭೆಯನ್ನು ಕಟ್ಟಿದಾಗ ಹೆಗಲು ಕೊಟ್ಟವರು ಈಕೆ. ವಿಧವೆಯ ಮುಖದರ್ಶನವೇ ಅಪಶಕುನವೆಂದು ಜನರು ನಂಬಿದ್ದ ಕಾಲವದು. ಒಳಮನೆಯ ಹೊಸ್ತಿಲು ದಾಟಿ ಅಂಥವರನ್ನು ಕರೆತರುವುದು ಪುರುಷನಿಗೆ ಸುಲಭವಾಗಿರಲಿಲ್ಲ. ಹೆಣ್ಣಿನ ನೆರವು ಬೇಕೇ ಬೇಕಿತ್ತು. ರಾಯರು ತಮ್ಮ ಸಿರಿಯನ್ನು ದೇಶಕ್ಕಾಗಿ ವ್ಯಯಿಸಿದರೆಂದು ಕೊಂಡಾಡುತ್ತೇವೆ. ಆ ಸಿರಿ ಒಂದು ಸಂಸಾರದ್ದೂ ಆಗಿತ್ತಲ್ಲವೇ? ಮಡದಿಯನ್ನು ನಮ್ಮ ಹಿರಿಯರು ಸಹಧರ್ಮಿಣಿಯೆಂದರು. ಕಾರ್ಯದಲ್ಲಿ ಪಾಲು ಹೊತ್ತವಳಿಗೆ ಕೀರ್ತಿಯಲ್ಲಿಯೂ ಪಾಲು ಸಲ್ಲಬೇಕು. ವಿದ್ಯಾರ್ಥಿಗಳೇ, ಆ ರಸ್ತೆಯಲ್ಲಿ ನಡೆಯುವಾಗ ಇಬ್ಬರನ್ನೂ ನೆನೆಯಿರಿ.